ದೇವರ ಮುಂದಿಟ್ಟ ತಾಮ್ರದ ದುಡ್ಡು

ಫ್ರಾಂಕ್‌ಫರ್ಟ್

ಜರ್ಮನಿಯವರು ನನ್ನನ್ನು ಮೊಟ್ಟಮೊದಲು ತಡೆದು ನಿಲ್ಲಿಸಿದ್ದು ಹುಣಸೆಹಣ್ಣಿನ ಸಲುವಾಗಿ. ವಿಮಾನ ನಿಲ್ದಾಣದ ಕಸ್ಟಮ್ಸ್‌ನವನು ನನ್ನ ಚೀಲದಿಂದ ಕರ್ರಗಿನ ಉಂಡೆಯನ್ನು ಎರಡು ಬೆರಳಲ್ಲಿ ಎತ್ತಿದ, ಮೂಸಿದ, ಮುಖ ಕಿವುಚಿದ. ಮತ್ತೊಬ್ಬನನ್ನು ಕರೆದ. ಅವನೂ ಮೂಸಿದ. ಇವರಿಬ್ಬರ ಮೂಸಾಟ ಮುಗಿಯುವಂತೆ ಕಾಣಲಿಲ್ಲ. ನಾನೇ ಒಂದು ಎಸಳು ಕಿತ್ತು ಬಾಯಿಗೆ ಹಾಕಿಕೊಂಡು, ಚಪ್ಪರಿಸಿ, ಬೀಜ ಉಗಿದು ತೋರಿಸಿದೆ. ಆಗ ಬಿಟ್ಟರು. ಬೀಜವನ್ನು ಮಾತ್ರ ಕಾಗದದಲ್ಲಿ ಸುತ್ತಿ ತಾವೇ ಇಟ್ಟುಕೊಂಡರು. ಏನು ಮಾಡಿದರೋ, ಶಿವನೇ ಬಲ್ಲ.

ನಾನು ಹುಬ್ಬಳ್ಳಿಯವಳು. ಪೇಟೆಯಲ್ಲಿ ನಮ್ಮದು ತಾಮ್ರ-ಹಿತ್ತಾಳೆ ಪಾತ್ರೆಗಳ ಅಂಗಡಿ. ಯಜಮಾನರು ಹೋದ ಮೇಲೆ ಗಲ್ಲೆಯ ಮೇಲೆ ನಾನೇ ಕೂಡುತ್ತೇನೆ. ಹಂಡೆ, ಕೊಡ, ತಂಬಿಗೆ ಬಿಟ್ಟು ಬೇರೆ ಲೋಕ ನೋಡಬೇಕೆಂಬ ಆಸೆ ನನಗೆಂದೂ ಇರಲಿಲ್ಲ. ಕಳಿಸಿದವಳು ನನ್ನ ತಂಗಿ ಸುಮಿತ್ರಾ. ಅವಳ ಮಗಳು ವಿದ್ಯಾ ಆಖೆನ್ ಎಂಬ ಊರಿನಲ್ಲಿ ಎಂಜಿನಿಯರಿಂಗ್‌ನಲ್ಲಿ ಇನ್ನೂ ದೊಡ್ಡದೇನೋ ಓದುತ್ತಿದ್ದಳು. ಅದೇ ದೇಶದ ಫೊಯರ್‌ಬಾಕ್‌ನಲ್ಲಿ ಗದಗ ಕಡೆಯ ಒಬ್ಬ ವರ ಇದ್ದ, ಮಹಾಂತೇಶ ಅಂತ. ಗ್ರೀನ್ ಕಾರ್ಡಿನವನು. ಆಗ ಕಂಪ್ಯೂಟರ್ ಬಲ್ಲವರನ್ನು ಜರ್ಮನಿಯೇ ಕೈಬೀಸಿ ಕರೆಯುತ್ತಿದ್ದ ಕಾಲ. ಆ ಒಂದು ಕಾರ್ಡು ಮಗನ ಜೇಬಿಗೆ ಬಿದ್ದರೆ ಸಾಕು, ತಾಯಿಯ ಕತ್ತು ಮೇಲೇರುತ್ತಿತ್ತು. ವಿದ್ಯಾಳ ಅಪ್ಪನಿಗೆ ಮಂಡಿಯ ಆಪರೇಷನ್ ಆಗಿತ್ತು. ಹಾಗಾಗಿ ವರನನ್ನು ನೋಡುವ ಕೆಲಸ ನನ್ನ ತಲೆಗೆ ಬಂತು.

"ಹುಡುಗ ಮನಸಿಗೆ ಬಂದ್ರ ಅಲ್ಲೇ ಮಾತು ಕೊಟ್ಟು ಬಾ ಅಕ್ಕಾ" ಎಂದಿದ್ದಳು ಸುಮಿತ್ರಾ. ಆಮೇಲೆ ದನಿ ತಗ್ಗಿಸಿ, "ಮಾತು ಮುಗಿಯೂತನಾ ಅಕಿ ಕೊಳ್ಳಾಗಿನ ಸ್ಕಾರ್ಫ್ ತಗೀಬಾರದು. ಅದೊಂದು ನೋಡಿಕೋ" ಎಂದಳು.

ವಿದ್ಯಾಳಿಗೆ ಹೈಸ್ಕೂಲಿನಲ್ಲಿ ಕಿವಿಯ ಕೆಳಗೊಂದು ಬಿಳಿ ಮಚ್ಚೆ ಬಂದು, ಕುತ್ತಿಗೆಯ ಮೇಲಿಂದ ಭುಜದತನಕ ಇಳಿದಿತ್ತು. ರೋಗವಲ್ಲ, ನೋವಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ನಮ್ಮ ಜನಕ್ಕೆ ಕಿವಿ ಬೇಕಲ್ಲ! ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಶಿರಾ ತಿಂದು, ಕೈ ತೊಳೆದು, "ತಿಳಿಸ್ತೀವ್ರಿ" ಎಂದು ಹೋದವರು ಹೋದರು. ಹಾಗೆ ಬಂದುಹೋದ ಮನೆಗಳು ಒಂದೆರಡಲ್ಲ. ಈ ಸಲವೂ ಮುರಿದರೆ ತನ್ನ ಎದೆ ಒಡೆಯುತ್ತದೆಂದು ಸುಮಿತ್ರಾ, ಮಚ್ಚೆ ತೋರಿಸುವುದಿಲ್ಲವೆಂದು ಮಗಳ ಹತ್ತಿರ ಆಣೆ ಹಾಕಿಸಿಕೊಂಡಿದ್ದಳು.

ನಿಲ್ದಾಣದಲ್ಲಿ ನನಗಾಗಿ ಕಾಯುತ್ತಿದ್ದ ವಿದ್ಯಾ ಕುತ್ತಿಗೆಗೆ ದಪ್ಪ ಉಣ್ಣೆಯ ಸ್ಕಾರ್ಫ್ ಸುತ್ತಿಕೊಂಡಿದ್ದಳು. ಹೊರಗೆ ಬಿಸಿಲು. "ಸೆಕಿ ಆಗವಲ್ದೇನ?" ಎಂದೆ. "ಆಗ್ತೈತಿ ದೊಡ್ಡವ್ವಾ. ಅವ್ವಗ ಮಾತು ಕೊಟ್ಟೀನಲ್ಲ" ಎಂದಳು. ನಾನು "ಜಾಣಿ" ಎಂದು ಬೆನ್ನು ಸವರಿದೆ.

ರೈಲು ನಿಲ್ದಾಣದಲ್ಲಿ ಚಹಾ ಕುಡಿದಾಗ ಚಿಲ್ಲರೆ ಬಂತು. ಹೊಸ ಯೂರೋ ದುಡ್ಡು ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಸಣ್ಣ ಸೆಂಟುಗಳು ತಾಮ್ರದ ಬಣ್ಣದಲ್ಲಿ ಲಕಲಕ ಹೊಳೆಯುತ್ತಿದ್ದವು. ನನ್ನ ಕೀಲಿ ಗೊಂಚಲಿನಲ್ಲಿ ಸದಾ ಒಂದು ಮ್ಯಾಗ್ನೆಟ್ ಇರುತ್ತದೆ. ಕಬ್ಬಿಣಕ್ಕೆ ತಾಮ್ರದ ನೀರು ಕುಡಿಸಿ ತಂದು ಮಾರುವ ಕಳ್ಳರಿಗೆ ನಮ್ಮ ಪೇಟೆಯಲ್ಲಿ ಬರವಿಲ್ಲ. ಅಂಥ ಮಾಲು ಬಂದರೆ ಅಂಗಡಿಯಲ್ಲಿ ನಾವು ಜಗಳ ಕಾಯುವುದಿಲ್ಲ, "ಮ್ಯಾಗ್ನೆಟ್ ಹಿಡೀತು" ಅಂದು ಒಳಗೆ ಹೋಗಿಬಿಡುತ್ತೇವೆ. ಅಭ್ಯಾಸಬಲ, ಸೆಂಟಿನ ಮೇಲೆ ಹಿಡಿದೆ. ಟಕ್ಕನೆ ಅಂಟಿಕೊಂಡಿತು. ಇಡೀ ಯುರೋಪು ಕೂಡಿ ಕೂತು ಮಾಡಿದ ದುಡ್ಡು ಇದು! ನನಗೆ ನಗು ತಡೆಯಲಾಗಲಿಲ್ಲ.

ಫೊಯರ್‌ಬಾಕ್, ಶನಿವಾರ

ಮಹಾಂತೇಶ ಸ್ಟೇಷನ್ನಿಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಎತ್ತರದ ಆಳು, ನಗುಮುಖ, ಮಾತು ಮೆತ್ತಗೆ. "ಪ್ರವಾಸ ಸರಳ ಆತಿಲ್ರೀ ಆಂಟಿ?" ಎಂದ. ಈ ಆಂಟಿ ಎಂಬ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ಹೋಗಲಿ, ವಯಸ್ಸಿನ ಹುಡುಗ ಎಂದು ಸುಮ್ಮನಾದೆ. ಹೋಟೆಲು ಗೀಟೆಲು ಬೇಡವೆಂದು ತನ್ನ ಮನೆಯನ್ನೇ ನಮಗೆ ಬಿಟ್ಟುಕೊಟ್ಟು, ತಾನು ಗೆಳೆಯನ ಮನೆಯಲ್ಲಿ ಮಲಗುವ ಏರ್ಪಾಟು ಮಾಡಿಕೊಂಡಿದ್ದ. ಇದು ನನಗೆ ಹಿಡಿಸಿತು.

ಮನೆ ಮುಟ್ಟಿದರೆ ಬಾಗಿಲಿಗೆ ಒಂದು ಹಲಗೆ ನೇತಾಡುತ್ತಿತ್ತು. ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಈ ಮನೆಯದು ಎಂದು ಅದರ ಅರ್ಥವಂತೆ. ಇದಕ್ಕೆ ಕೇರ್‌ವೋಖೆ ಎನ್ನುತ್ತಾರೆ. ಹಲಗೆ ಬಂದರೆ ಮಂತ್ರಿಯಾದರೂ ಪೊರಕೆ ಹಿಡಿಯಬೇಕು. ನಮ್ಮ ಗ್ರೀನ್ ಕಾರ್ಡಿನ ವರ ಪ್ಯಾಂಟು ಮಡಚಿಕೊಂಡು ಬಕೀಟು ತಂದ. ಕೆಳಗಿನ ಮನೆಯ ಮುದುಕಿ ಬಾಗಿಲು ಸಂದಿಯಲ್ಲಿ ನಿಂತು, ಅವನು ಒರೆಸಿದ ಮೆಟ್ಟಿಲಿನ ಮೂಲೆಗೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ನನ್ನ ಅತ್ತೆ ಸತ್ತು ಇಲ್ಲಿ ಹುಟ್ಟಿದ್ದಾಳೇನೋ ಅನ್ನಿಸಿತು. ರಸ್ತೆಯ ಫುಟ್‌ಪಾತನ್ನೂ ನೀರು ಹಾಕಿ ತಿಕ್ಕುವ ಜನ ಇವರು. ಇಂಥ ಜನರ ನಡುವೆ ಒಂದೇ ಒಂದು ವಸ್ತುವನ್ನು ತಿಕ್ಕಬಾರದೆಂಬ ಕಾನೂನು ಇದೆ ಎಂದು ನನಗೆ ಯಾರು ಹೇಳಬೇಕು?

ಊಟವಾದ ಮೇಲೆ ಮಹಾಂತೇಶ ಶೆಲ್ಫಿನಿಂದ ಮರದ ಪೆಟ್ಟಿಗೆ ಇಳಿಸಿದ. ಕೂಸನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ. ಒಡವೆ ಗಿಡವೆ ಇರಬೇಕೆಂದು ನಾನೂ ಕತ್ತು ಚಾಚಿದೆ. ನೋಡಿದರೆ ಕಂದು, ಕಪ್ಪು, ಹಸಿರು ಹಿಡಿದ ತಾಮ್ರದ ಬಿಲ್ಲೆಗಳು!

"ಅಮೆರಿಕಾದ ಹಳೇ ಸೆಂಟ್ ಇವು ಆಂಟಿ. ಅವರ ದೇಶ ಹುಟ್ಟಿದಾಗಿನವು."

"ಅಮೆರಿಕಾದ್ದು ಹಿಡ್ಕೊಂಡು ಜರ್ಮನಿಯೊಳಗ ಕುಂತು ಏನ್ಮಾಡ್ತೀಪಾ?"

ಇಲ್ಲಿಂದ ಅಮೆರಿಕಕ್ಕೆ ವಲಸೆ ಹೋಗಿ ತಿರುಗಿ ಬಂದವರು ತಂದ ನಾಣ್ಯಗಳು ಈ ಊರುಗಳ ಹಳೇ ಮನೆಗಳಲ್ಲಿ ಸಿಗುತ್ತವಂತೆ. ಅವನಿಗೆ ಈ ಹುಚ್ಚು ಹಿಡಿಸಿದವನು ಮೌರರ್ ಎಂಬ ಮುದುಕ. ತೆರಿಗೆ ಇಲಾಖೆಯಿಂದ ನಿವೃತ್ತನಾದವನು. ಭಾನುವಾರದ ನಾಣ್ಯದ ಸಂತೆಯಲ್ಲಿ ಆತ ಒಂದೊಂದು ನಾಣ್ಯವನ್ನೂ ಪರೀಕ್ಷಿಸಿ ಅಂಕ ಕೊಡುತ್ತಾನಂತೆ. ಮಾರನೆಯ ದಿನ ಮಹಾಂತೇಶನ ಎಲ್ಲಕ್ಕಿಂತ ಒಳ್ಳೆಯ ನಾಣ್ಯ ಅವನ ಕೈಗೆ ಹೋಗುವುದಿತ್ತು. ಅದಕ್ಕಾಗಿ ಎಷ್ಟೋ ತಿಂಗಳಿಂದ ಕಾದಿದ್ದನಂತೆ. ಸಂತೆ ನೋಡಿಕೊಂಡು ಬಂದ ಮೇಲೆ ಸಂಜೆ ನಮ್ಮ ಮಾತುಕತೆ ಎಂದಾಯಿತು.

ನನ್ನ ಮೂಗು ತಾನಾಗಿಯೇ ಮುರಿಯಿತು. ತಾಮ್ರಕ್ಕೆ ತಕ್ಕಡಿ ಒಂದು ಸಾಕು, ಪರೀಕ್ಷಕ ಯಾಕೆ? ಆದರೂ ಕುಡಿತ, ಇಸ್ಪೀಟು ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. "ಪೆಟ್ಟಿಗಿ ಮಾತ್ರ ಮುಟ್ಟಬ್ಯಾಡ್ರಿ ಆಂಟಿ" ಎಂದು ಎರಡೆರಡು ಸಲ ಹೇಳಿ, ದೇವರ ಗೂಡಿನ ಮುಂದೆ ನಿಂತು ಏನೋ ಬೇಡಿಕೊಂಡು ಹೊರಟುಹೋದ.

ಪೆಟ್ಟಿಗೆಯನ್ನು ನಾನು ಮುಟ್ಟಲಿಲ್ಲ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಫೊಯರ್‌ಬಾಕ್, ಭಾನುವಾರ ಬೆಳಿಗ್ಗೆ

ಒಳ್ಳೆಯ ಮಾತು ಆಡುವ ದಿನ. ಕಲಶ ಇಡದೆ ಹೇಗೆ? ವರನಿಗೆ ಉಡುಗೊರೆಯೆಂದು ನಮ್ಮ ಅಂಗಡಿಯಿಂದಲೇ ತಾಮ್ರದ ತಂಬಿಗೆ ತಂದಿದ್ದೆ. ತೆಂಗಿನಕಾಯಿ ಮೂಲೆಯ ತುರ್ಕಿ ಅಂಗಡಿಯಲ್ಲಿ ಸಿಕ್ಕಿತ್ತು. ಮಾವಿನೆಲೆಗೆ ಈ ದೇಶದಲ್ಲಿ ಗತಿಯಿಲ್ಲ. ಯಾವುದೋ ಮನೆಯ ಬೇಲಿಯಿಂದ ವಿದ್ಯಾ ಎಲೆ ಕಿತ್ತು ತಂದಳು. ಕಲಶದ ನೀರಿಗೆ ಒಂದು ತಾಮ್ರದ ದುಡ್ಡು ಬೀಳಬೇಕು. ಯೂರೋ ಸೆಂಟು ಹಾಕಲು ನನಗೆ ಮನಸ್ಸು ಬರಲಿಲ್ಲ. ಕಬ್ಬಿಣವನ್ನು ದೇವರಿಗೆ ತಾಮ್ರವೆಂದು ಕೊಡುವುದೇ?

ಗೂಡಿನಲ್ಲಿ ನೋಡಿದರೆ, ಬಸವಣ್ಣನವರ ಫೋಟೋದ ಮುಂದೆ, ಹೂವಿನ ಕೆಳಗೆ, ಒಂದು ತಾಮ್ರದ ದುಡ್ಡು ಇತ್ತು. ದೇವರ ಮುಂದೆ ಹೂವು ಏರಿಸಿ ಇಟ್ಟ ತಾಮ್ರದ ದುಡ್ಡು! ನೀವೇ ಹೇಳಿರಿ, ನಮ್ಮ ಕಡೆಯ ಯಾವ ಹೆಂಗಸು ಅದನ್ನು ಪೂಜೆಯದಲ್ಲ ಎಂದಾಳು? ಹುಡುಗನಿಗೆ ಸಂಸ್ಕಾರ ಇದೆ ಎಂದು ಖುಷಿಪಟ್ಟೆ. ಆದರೆ ದುಡ್ಡು ಕಪ್ಪಿಟ್ಟಿತ್ತು. ಗಂಡಸೊಬ್ಬನೇ ಇರುವ ಮನೆ, ಪೂಜೆಯ ಸಾಮಾನು ತಿಕ್ಕುವವರು ಯಾರು, ಪಾಪ. ಹುಣಸೆಹಣ್ಣು, ಉಪ್ಪು ತೆಗೆದುಕೊಂಡು ಹಬ್ಬಕ್ಕೆ ಹಂಡೆ ತಿಕ್ಕುವ ಹಾಗೆ ತಿಕ್ಕಿದೆ. ಒಂದು ಕಡೆ ಬಿಚ್ಚುಗೂದಲಿನ ಹೆಣ್ಣಿನ ಮುಖ, ಇನ್ನೊಂದು ಕಡೆ ಎಲೆಗಳ ಬಳ್ಳಿ. ಹುಣಸೆಹಣ್ಣು ಬಿದ್ದದ್ದೇ ಆಕೆಯ ಕೆನ್ನೆ ಗುಲಾಬಿಯಾಯಿತು. ಕುಂಕುಮ ಹಚ್ಚಿ, ಕಲಶದಲ್ಲಿ ಬಿಟ್ಟು, ಕೈಮುಗಿದೆ.

ಮಹಾಂತೇಶ ಬಂದವನೇ ಗೂಡಿನ ಹತ್ತಿರ ಹೋದ. ಹೂವು ಎತ್ತಿದ. ಅತ್ತಿತ್ತ ನೋಡಿದ.

"ಆಂಟಿ, ಇಲ್ಲೊಂದು ನಾಣ್ಯ..."

"ಕಲಶದಾಗ ಐತಿ ನೋಡಪಾ. ಎಷ್ಟು ಕೊಳಿ ಹಿಡಿದಿತ್ತು ಅಂತಿ! ಹೊಸದು ಮಾಡೀನಿ."

ಪರೀಕ್ಷಕನ ಕೈಗೆ ಹೋಗಬೇಕಾದ ನಾಣ್ಯಕ್ಕೆ ದೇವರ ಆಶೀರ್ವಾದ ಇರಲಿ ಎಂದು ಹಿಂದಿನ ಸಂಜೆ ಅವನೇ ಅದನ್ನು ಅಲ್ಲಿ ಇಟ್ಟು ಹೋಗಿದ್ದ. ತಂಬಿಗೆಯಲ್ಲಿ ಕೈ ಇಳಿಸಿ ತೆಗೆದ. ಅಂಗೈಯಲ್ಲಿ ಅದು ಈಗ ತಾನೇ ಟಂಕಸಾಲೆಯಿಂದ ಬಂದ ಹಾಗೆ ಹೊಳೆಯುತ್ತಿತ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ, ನಲ್ಲಿ ಬಿಟ್ಟ. ನಲ್ಲಿಯ ಸದ್ದಿನೊಳಗೂ ಅವನು ಬಿಕ್ಕಿದ್ದು ನನಗೆ ಕೇಳಿಸಿತು. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. "ಇರ್ಲಿ ಬಿಡ್ರಿ ಆಂಟಿ. ಹಳೇ ನಾಣ್ಯ ತಿಕ್ಕಿದ್ರ ಅದರ ಬೆಲಿನ ಹೋಗ್ತೈತಿ ಅಂತ ನಿಮಗ ಹ್ಯಾಂಗ ಗೊತ್ತಾಗಬೇಕು. ದೇವರ ಮುಂದ ಇಟ್ಟದ್ದು ನಂದ ತಪ್ಪು" ಎಂದ. ನಾಣ್ಯವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಅಂಕ ಎಷ್ಟಾದರೂ ಬರಲಿ ಎಂದು ಜೇಬಿಗೆ ಹಾಕಿಕೊಂಡ.

ತಾಮ್ರದ ಬಿಲ್ಲೆಗೆ ಅಳುವ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ನಗು ಬರಬೇಕಿತ್ತು, ಬರಲಿಲ್ಲ. ಪ್ರಾಣದಂಥ ವಸ್ತು ಹಾಳುಮಾಡಿದ ಹೆಂಗಸಿನ ಮೇಲೆ ದನಿ ಎತ್ತರಿಸದವನು, ನಾಳೆ ಹೆಂಡತಿ ಮೇಲೆ ಕೂಗಿಯಾನೇ? ಅವನು ಬೂಟು ಹಾಕಿಕೊಳ್ಳುವಾಗ ವಿದ್ಯಾಳ ಕಿವಿಯಲ್ಲಿ, "ಹುಡುಗ ಬಂಗಾರ. ಸಂಜಿಕ ಮಾತು ಕೊಟ್ಟುಬಿಡ್ತೀನಿ" ಎಂದೆ. ಅವಳು ಸ್ಕಾರ್ಫಿನ ಗಂಟು ಸರಿಮಾಡಿಕೊಂಡು ನಕ್ಕಳು. ಅವಳಿಗೂ ಮನಸ್ಸು ಬಂದಿತ್ತು, ಮುಖದಲ್ಲೇ ಕಾಣುತ್ತಿತ್ತು.

ನಾಣ್ಯದ ಸಂತೆ

ಸಂತೆ ಅಂದರೆ ಸಂತೆಯಲ್ಲ. ಒಂದು ದೊಡ್ಡ ಹಾಲು, ಸಾಲಾಗಿ ಮೇಜು, ಮೇಜಿಗೊಂದು ದೀಪ. ಗಂಡಸರೇ ಗಂಡಸರು. ಎಲ್ಲರೂ ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಬಗ್ಗಿ ಕೂತಿದ್ದಾರೆ. ಕೂಗಿಲ್ಲ, ಚೌಕಾಸಿಯಿಲ್ಲ, ಕೆಮ್ಮಿದರೂ ಹತ್ತು ತಲೆ ತಿರುಗುತ್ತವೆ. ನಮ್ಮ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೊಪ್ಪು ಮಾರುವವಳೊಬ್ಬಳನ್ನು ಕರೆತಂದು ನಿಲ್ಲಿಸಿದ್ದರೆ ಅರ್ಧ ಜನ ಎದೆ ಒಡೆದು ಸಾಯುತ್ತಿದ್ದರು. ಕಿಟಕಿಗಳನ್ನೆಲ್ಲ ಬಿಗಿದಿದ್ದರು. ಒಳಗೆ ಅಂಥ ಧಗೆ.

ಅಂಕ ಕೊಡುವ ಪದ್ಧತಿಯನ್ನು ಮಹಾಂತೇಶ ನನಗೆ ವಿವರಿಸಿದ. ಎಪ್ಪತ್ತಕ್ಕೆ ಅಂಕ. ಮೊದಲು ಆ ನಾಣ್ಯದ ಹೆಣ್ಣಿನ ಕೂದಲು ಎಷ್ಟು ಸವೆದಿದೆ, ಕೆನ್ನೆ ಎಷ್ಟು ಉಳಿದಿದೆ, ಕಿವಿಯ ಮೇಲಿನ ಎಳೆ ಕಾಣುತ್ತದೆಯೋ ಇಲ್ಲವೋ ನೋಡಿ ಒಂದು ಅಂಕ. ಆಮೇಲೆ ಕಳೆಯುವುದು ಶುರು. ಗೀರಿದ್ದರೆ ಕಳೆ, ಕಪ್ಪು ಚುಕ್ಕೆಗೆ ಕಳೆ, ಅಂಚು ನೆಗ್ಗಿದ್ದರೆ ಕಳೆ. ಬಣ್ಣ ಯಾವುದು? ಚಾಕಲೇಟಿನ ಕಂದಾದರೆ ಉತ್ತಮ. ಎಪ್ಪತ್ತಕ್ಕೆ ಎಪ್ಪತ್ತು ಬಂದವಳು ಕಣ್ಣಿಗೇ ಬೀಳುವುದಿಲ್ಲವಂತೆ! ಥೂ, ಇದನ್ನು ಕಲಿಯಲು ಜರ್ಮನಿಗೆ ಬರಬೇಕೇ? ಕೂದಲು ಎಷ್ಟುದ್ದ, ಬಣ್ಣ ಯಾವುದು, ನಡಿಗೆ ಹೇಗೆ, ಮುಖದ ಮೇಲೆ ಕಲೆ ಇದೆಯೇ ಎಂದು ನಮ್ಮ ಬೀಗರು ಭೂತಗನ್ನಡಿ ಇಲ್ಲದೆಯೇ ನೋಡುತ್ತಾರೆ. ಅವರು ಉಪ್ಪಿಟ್ಟು ತಿಂದು ಕಳೆಯುತ್ತಾರೆ, ಇವರು ಒಣ ಬಾಯಿಯಲ್ಲಿ ಕಳೆಯುತ್ತಾರೆ, ಅಷ್ಟೇ ಫರಕು.

ಹೆರ್ ಮೌರರ್, ಅಂದರೆ ಮೌರರ್ ಸಾಹೇಬ, ಬಿಳಿ ಮೀಸೆಯ, ಗುಂಡು ಹೊಟ್ಟೆಯ ಮನುಷ್ಯ. ಮಹಾಂತೇಶ ಬಟ್ಟೆ ಬಿಚ್ಚಿದ. ದೀಪದ ಕೆಳಗೆ ನಾಣ್ಯ ಗುಲಾಬಿಯಾಗಿ ಥಳಥಳಿಸಿತು. ಆ ಮುದುಕ ಭೂತಗನ್ನಡಿ ಎತ್ತಲೇ ಇಲ್ಲ. ಕಣ್ಣು ಮುಚ್ಚಿಕೊಂಡ. ಸಾವಿನ ಮನೆಗೆ ಬಂದವನ ಹಾಗೆ ಮಹಾಂತೇಶನ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದ. ನಡುನಡುವೆ ನನ್ನ ಕಡೆ ನೋಡಿದ. ನಾನೂ ನೋಡಿದೆ. ಮೆಟ್ಟಿಲು ತಿಕ್ಕಿಸುವವರು ನೀವು, ದುಡ್ಡು ತಿಕ್ಕಿದ್ದಕ್ಕೆ ನನ್ನನ್ನು ಗಲ್ಲಿಗೇರಿಸುತ್ತೀರಾ?

"ಏನಂತಾನ ಮುದುಕ?" ಎಂದೆ.

ಮಹಾಂತೇಶ ನಿಟ್ಟುಸಿರು ಬಿಟ್ಟು ಕನ್ನಡದಲ್ಲಿ ಹೇಳಿದ: "ಗಾಯ ಇದ್ರ ಅಂಕ ಕಡಿಮಿ ಮಾಡ್ತೀವಿ, ಚುಕ್ಕಿ ಇದ್ರೂ ಕಡಿಮಿ ಮಾಡ್ತೀವಿ, ಆದ್ರ ಅದರ ಮ್ಯಾಲ ಪ್ರೀತಿ ಇರ್ತೈತಿ. ತನ್ನ ಬಣ್ಣ ತಾ ಹೊತ್ತು ಬಂದಿರ್ತೈತಲ್ಲ. ತಿಕ್ಕಿ, ಬಣ್ಣ ಹಚ್ಚಿ, ಇದ್ದದ್ದು ಮುಚ್ಚಿದ್ರ ಮುಗೀತು ಅಂತಾರ." ಆಮೇಲೆ ತನ್ನದನ್ನೂ ಸೇರಿಸಿದ. "ನನ್ನ ವಿಚಾರನೂ ಅದ ಐತ್ರಿ ಆಂಟಿ. ಇದ್ದದ್ದು ಇದ್ದಂಗ ಇರಬೇಕು. ಮುಚ್ಚೂದು ಅಂದ್ರ ನನಗ ಆಗಂಗಿಲ್ಲ."

ವಿದ್ಯಾ ಅಷ್ಟು ಹೊತ್ತು ನನ್ನ ಪಕ್ಕದಲ್ಲಿ ಬೆವರುತ್ತ ನಿಂತಿದ್ದಳು. ಅವಳ ಕೈ ಮೆಲ್ಲಗೆ ಸ್ಕಾರ್ಫಿನ ಗಂಟಿಗೆ ಹೋಯಿತು. ನಾನು ಮೊಣಕೈಯಿಂದ ತಿವಿದೆ. ಬ್ಯಾಡ ಎಂದು ಕಣ್ಣಲ್ಲೇ ಹೇಳಿದೆ. ಅವಳು ನನ್ನನ್ನು ನೋಡಲೇ ಇಲ್ಲ. ಸ್ಕಾರ್ಫ್ ಬಿಚ್ಚಿ ಮೇಜಿನ ಮೇಲೆ, ನಾಣ್ಯದ ಪಕ್ಕ ಇಟ್ಟಳು. ಕೂದಲನ್ನು ಹಿಂದಕ್ಕೆ ಸರಿಸಿದಳು. ದೀಪದ ಬೆಳಕು ಕಿವಿಯಿಂದ ಭುಜದವರೆಗೆ ಬಿತ್ತು.

"ಮಹಾಂತೇಶ ಅವರ, ಇದಕ್ಕ ಎಷ್ಟು ಕಳೀತೀರಿ?" ಎಂದಳು.

ಅವನು ನೋಡಿದ. ಆ ಬೆಳಿಗ್ಗೆಯೆಲ್ಲ ನಾಣ್ಯಗಳನ್ನು ನೋಡಿದ ಹಾಗೆಯೇ, ಒಂದು ಕಣ್ಣು ಕಿರಿದು ಮಾಡಿಕೊಂಡು ನೋಡಿದ.

"ಫೋಟೋದಾಗ ಇದು ಇರಲಿಲ್ಲಲ್ರೀ?"

"ಫೋಟೋದಾಗ ಪೌಡರ್ ಇತ್ತು. ಅವ್ವ ಹಚ್ಚಿದ್ಲು."

"ಹಂಗಲ್ರೀ, ನನ್ನದೇನೂ ಅಭ್ಯಂತರ ಇಲ್ಲ..." ಎಂದು ತಡವರಿಸಿದ. ಕೈಯಲ್ಲಿ ಬಟ್ಟೆಯನ್ನು ಮಡಚಿದ, ಬಿಚ್ಚಿದ. "ಆದ್ರ ನಮ್ಮವ್ವ ಏನಂತಾಳೋ. ಮಂದಿ ಏನಂತಾರೋ. ಇಲ್ಲೆ ಚಲೋ ಕ್ರೀಮ್ ಸಿಗತಾವ್ರಿ, ಹಚ್ಚಿದ್ರ ಒಟ್ಟ ಗೊತ್ತಾಗಂಗಿಲ್ಲ. ಮದುವಿ ಮುಗಿಯೂತನಾ ಮುಚ್ಚಿಕೊಂಡ್ರ, ಆಮ್ಯಾಲ ನಿಧಾನಕ ಮನ್ಯಾಗ ಹೇಳಬಹುದು."

ವಿದ್ಯಾ ಮೇಜಿನ ಮೇಲಿನ ಗುಲಾಬಿ ನಾಣ್ಯವನ್ನು ಎತ್ತಿ ಅವನ ಕೈಯಲ್ಲಿ ಇಟ್ಟಳು. "ನಾಣ್ಯಕ್ಕೊಂದು ಮಾತು, ನನಗೊಂದು ಮಾತು ಏನ್ರೀ?" ಎಂದಳು. ಅವನು ನಾಣ್ಯವನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ. ಹೆರ್ ಮೌರರ್ ಅತ್ತಿತ್ತ ನೋಡಿ ಏನೋ ಕೇಳಿದ. ಹುಡುಗಿಯ ಕುತ್ತಿಗೆಯ ಬಗ್ಗೆ ಇರಬೇಕು ಎಂದುಕೊಂಡೆ. ಅಲ್ಲವಂತೆ. ನಾನು ತಿಕ್ಕಿದ್ದು ಯಾವ ಹುಳಿಯಿಂದ ಎಂದು ಕೇಳಿದನಂತೆ. ಆತ ಇನ್ನೂ ಅದೇ ದುಃಖದಲ್ಲಿದ್ದ.

ನನಗೆ ಮಹಾಂತೇಶನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ನಾಚಿಕೆಯೂ ಆಯಿತು. ಅವನು ಹೇಳಿದ್ದು ನಾನೂ ಸುಮಿತ್ರಾಳೂ ಆ ಮಗುವಿಗೆ ಇಷ್ಟು ವರ್ಷ ಹೇಳಿದ್ದೇ ಅಲ್ಲವೇ? ಮುಚ್ಚಿಕೋ, ಪೌಡರ್ ಹಚ್ಚಿಕೋ, ಸೆರಗು ಮೇಲೆ ಎಳೆದುಕೋ ಎಂದು. ಆದರೆ ನಾವು ನಾಣ್ಯ ಹಿಡಿದುಕೊಂಡು ಸತ್ಯದ ಭಾಷಣ ಬಿಗಿದಿರಲಿಲ್ಲ. ಕಣ್ಣೀರನ್ನು ಅವನು ತಾಮ್ರಕ್ಕೆ ಸುರಿಸಿಬಿಟ್ಟಿದ್ದ, ಹೆಣ್ಣುಮಗಳ ಪಾಲಿಗೆ ಅವನ ಹತ್ತಿರ ಉಳಿದದ್ದು ಕ್ರೀಮು.

"ನಡೀ ವಿದ್ಯಾ" ಎಂದೆ.

"ಆಂಟಿ, ಸಂಜಿಕ ಮಾತುಕತಿ..." ಎಂದ ಅವನು.

"ಆತಲ್ಲಪಾ ಈಗ" ಎಂದು ಬಾಗಿಲಿನತ್ತ ನಡೆದೆ. ಸ್ಕಾರ್ಫ್ ಮೇಜಿನ ಮೇಲೆಯೇ ಉಳಿಯಿತು. ವಿದ್ಯಾ ಅದಕ್ಕಾಗಿ ತಿರುಗಿ ನೋಡಲಿಲ್ಲ, ನಾನೂ ನೆನಪಿಸಲಿಲ್ಲ.

ಆಖೆನ್ ಕಡೆಗೆ

ಗಂಟು ಕಟ್ಟಿಕೊಂಡು ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಮುದುಕಿ ಮತ್ತೆ ಬಾಗಿಲ ಸಂದಿಯಲ್ಲಿದ್ದಳು. ನನ್ನ ಚೀಲದಿಂದ ಉದುರಿದ ಹುಣಸೆ ನಾರನ್ನು ಹೆಕ್ಕಿ ನನಗೇ ತಂದುಕೊಟ್ಟಳು. ತಾಮ್ರದ ತಂಬಿಗೆಯನ್ನು ನಾನು ಅಲ್ಲೇ ಬಿಟ್ಟೆ. ಕೊಟ್ಟ ಉಡುಗೊರೆ ತಿರುಗಿ ತರುವ ಬುದ್ಧಿ ನಮ್ಮ ಮನೆತನದಲ್ಲಿಲ್ಲ. ದಿನಾ ತಿಕ್ಕಿಕೊಂಡಿರಲಿ.

ರೈಲಿನಲ್ಲಿ ವಿದ್ಯಾ ಕಿಟಕಿಯ ಪಕ್ಕ ಕೂತಳು. ಸ್ವಲ್ಪ ಹೊತ್ತು ಅತ್ತಳು. ಮನಸ್ಸು ಬಂದಿದ್ದ ಹುಡುಗ, ಅಳು ಬರದೆ ಇರುತ್ತದೆಯೇ. ಆಮೇಲೆ ಮುಖ ತೊಳೆದು ಬಂದು ನನ್ನ ಭುಜಕ್ಕೆ ಒರಗಿ, "ಗಾಳಿ ಎಷ್ಟು ಚಲೋ ಬಡೀತೈತಿ ದೊಡ್ಡವ್ವಾ" ಎಂದು ಕುತ್ತಿಗೆ ಸವರಿಕೊಂಡಳು. ಎದುರು ಕೂತ ಜರ್ಮನ್ ಹೆಂಗಸು ಅವಳ ಕುತ್ತಿಗೆಯನ್ನು ಒಮ್ಮೆ ನೋಡಿ, ತನ್ನ ಪುಸ್ತಕಕ್ಕೆ ಮರಳಿದಳು. ಈ ದೇಶದವರ ಒಂದು ನಡತೆಯನ್ನಾದರೂ ನಾನು ಬಾಯಿ ತುಂಬ ಹೊಗಳುವುದಿದ್ದರೆ ಅದು ಇದೇ.

ಆಖೆನ್‌ನಲ್ಲಿ ಇಳಿದದ್ದೇ ಅವಳ ಮೊಬೈಲಿನಿಂದ ಹುಬ್ಬಳ್ಳಿಗೆ ಫೋನು ಹಚ್ಚಿದೆ.

"ಅಕ್ಕಾ, ಸ್ಕಾರ್ಫ್ ತಗೀಲಿಲ್ಲಲ್ಲ?" ಎಂಬುದೇ ಸುಮಿತ್ರಾಳ ಮೊದಲ ಮಾತು.

"ತಗದ್ಲು. ಸೆಕಿ ಆಗಿತ್ತು."

ಆ ಕಡೆ ಗೋಳೋ ಎಂದು ಅಳು. "ಮುಗೀತು ತಗೋ! ನಿನ್ನ ಯಾತಕ್ಕ ಕಳಿಸಿದ್ನೆ ಅಕ್ಕಾ ನಾನು?"

"ಸುಮ್ಮಿ, ಅಳೂದು ಬಿಟ್ಟು ಕೇಳು. ಪೌಡರ್ ಹಚ್ಚಿದ್ದು ಆ ಫೋಟೋ ಹರದ ಒಗಿ. ನಾ ಇಲ್ಲಿಂದ ಹೊಸಾದು ತಗಸ್ಕೊಂಡು ಬರ್ತೀನಿ, ಕೊಳ್ಳು ಕಾಣೂವಂಥಾದ್ದು. ಬರೂವ್ರು ಅದನ್ನ ನೋಡೇ ಬರಲಿ."

ಮೂಗು ಒರೆಸಿಕೊಂಡದ್ದು ಕೇಳಿಸಿತು. ಕಡೆಗೆ ಸಣ್ಣ ದನಿಯಲ್ಲಿ ಕೇಳಿದಳು, "ಹೋಗಲಿ, ಹುಡುಗನರ ಹ್ಯಾಂಗಿದ್ದ ಅಕ್ಕಾ? ಮಂದಿ ಅಷ್ಟು ಹೊಗಳತಿದ್ರಲ್ಲ?"

"ಹೊಳಪು ಭಾಳ ಇತ್ತು ಸುಮ್ಮಿ" ಎಂದೆ. "ಮ್ಯಾಗ್ನೆಟ್ ಹಿಡೀತು."